ಜಗಲಿಯಲ್ಲಿ ಕೂರುವ ಪೊಲೀಸ್: ಮಲೆನಾಡಿನ ಒಂದು ಬೀಟ್‌ಗೆ ಆಳು ಹುಡುಕಿದ ಪ್ರಕರಣ

2018ರ ಡಿಸೆಂಬರ್ ತಿಂಗಳು. ಅಡಿಕೆ ಕೊಯ್ಲು ಜೋರಾಗಿ ನಡೆದಿತ್ತು. ಹೊಸನಗರದ ಕಡೆ, ಟಾರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಒಂದು ಒಂಟಿ ಮನೆ. ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇರುತ್ತಿದ್ದರು. ಬೇಯಿಸಿ, ಒಣಗಿಸಿ, ಮಂಡಿಗೆ ಕಳಿಸಲು ಕಟ್ಟಿಟ್ಟಿದ್ದ ನಾಲ್ಕು ಮೂಟೆ ಅಡಿಕೆ ಒಂದೇ ರಾತ್ರಿಯಲ್ಲಿ ಹೋಯಿತು. ರಾಶಿ ಅನ್ನುವ ಬಗೆಯ ಅಡಿಕೆ ಕ್ವಿಂಟಲ್‌ಗೆ 30 ಸಾವಿರ ರೂಪಾಯಿ ದಾಟಿದ್ದ ಕಾಲ. ಆ ಮನೆಗೆ ಅದು ಸಣ್ಣ ನಷ್ಟವಲ್ಲ.

ನಾನು ಆಗ ಆ ಠಾಣೆಯಲ್ಲಿ ಎಎಸ್ಐ. ಈಗ ನಿವೃತ್ತಿಯಾಗಿದ್ದೇನೆ. ಠಾಣೆಯ ಹೆಸರು, ಊರಿನ ಹೆಸರು, ಜನರ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ದೂರು ಬಂದದ್ದು ಮೂರನೇ ದಿನ. ಮಹಜರಿಗೆ ಹೋದಾಗ ಗೊತ್ತಾದ ಒಂದು ವಿಷಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ ರಾತ್ರಿ ಒಂದು ಪಿಕಪ್ ಗಾಡಿ ಲೈಟ್ ಆರಿಸಿಕೊಂಡು ಆ ದಾರಿಯಲ್ಲಿ ಇಳಿದದ್ದನ್ನು ಮೂರು ಜನ ನೋಡಿದ್ದರು. ಒಬ್ಬರೂ ನಮಗೆ ಹೇಳಿರಲಿಲ್ಲ. ಒಬ್ಬರು ತೋಟದ ಯಜಮಾನರು. "ಹೇಳಿದ್ರೆ ಸಾಕ್ಷಿ ಅಂತ ಬರ್ಕೊಳ್ತೀರಿ. ಆಮೇಲೆ ಕೋರ್ಟಿಗೆ ಓಡಾಡೋರು ಯಾರು ಸ್ವಾಮಿ?" ಅಂದರು. ಇನ್ನೊಬ್ಬರು ಹಾಲು ಡೈರಿಗೆ ಹೋಗುವವರು, ಅವರಿಗೆ ಅದು ಯಾರದೋ ಸಂಬಂಧಿಕರ ಗಾಡಿ ಅನ್ನಿಸಿತ್ತು. ಮೂರನೆಯವಳು ತೋಟದ ಕೂಲಿಯವರ ಲೈನ್ ಮನೆಯ ಹುಡುಗಿ, ಹೈಸ್ಕೂಲಿಗೆ ಹೋಗುವವಳು. ಅವಳು ಅಪ್ಪನಿಗೆ ಹೇಳಿದಳು. ಅಪ್ಪ "ಸುಮ್ನೆ ಮಲ್ಕೊ" ಅಂದ.

ಆ ಹುಡುಗಿ ನನ್ನ ಹತ್ತಿರ ಇನ್ನೊಂದು ಮಾತು ಹೇಳಿದಳು. ಮಾರನೇ ದಿನ ಶಾಲೆಗೆ ಹೋಗುವಾಗ ಅವಳು ಪಂಚಾಯ್ತಿ ಕಟ್ಟೆಯ ಗೋಡೆ ಮೇಲೆ ಬರೆದಿದ್ದ ಬೀಟ್ ಪೊಲೀಸ್, ಅಂದರೆ ಆ ಸುತ್ತಿನ ಊರುಗಳನ್ನು ನೋಡಿಕೊಳ್ಳುವ ಪೊಲೀಸ್ ನಂಬರ್‌ಗೆ ಫೋನ್ ಮಾಡಿದ್ದಳಂತೆ. ಎತ್ತಿದವರು "ನಾನು ಆ ಠಾಣೆ ಬಿಟ್ಟು ಎಂಟು ತಿಂಗಳಾಯ್ತಮ್ಮ" ಅಂದು ಇಟ್ಟರಂತೆ. ಗೋಡೆಯ ಮೇಲಿನ ನಂಬರ್ ಬದಲಾಯಿಸುವುದು ಯಾರ ಕೆಲಸ? ನಮ್ಮದೇ.

ಜನ ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಹಳೆಯ ಕಾರಣವೂ ಇದೆ. ಹೊಸನಗರ, ತೀರ್ಥಹಳ್ಳಿ, ಆಗುಂಬೆ ಸುತ್ತಿನ ಕಾಡಂಚಿನ ಮನೆಗಳಿಗೆ ಪೊಲೀಸ್ ಅಂದರೆ ಬಹಳ ವರ್ಷ ಒಂದೇ ಪ್ರಶ್ನೆ. ರಾತ್ರಿ ಯಾರು ಬಂದಿದ್ದರು, ಯಾರಿಗೆ ಅನ್ನ ಹಾಕಿದಿರಿ? 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆದ ಮೇಲೆ ಇಡೀ ಮಲೆನಾಡಿನಲ್ಲಿ ನಕ್ಸಲ್ ನಿಗ್ರಹ ಪಡೆಯ ಓಡಾಟ ಜಾಸ್ತಿಯಾಯಿತು. ಆ ಪಡೆಗೆ ಅದರದೇ ಕೆಲಸ ಇತ್ತು. ಅದನ್ನು ತಪ್ಪು ಎನ್ನುತ್ತಿಲ್ಲ. ಆದರೆ ಬಂದೂಕು ಹಿಡಿದವರು ಕಾಡಿನಿಂದ ಬಂದರೂ ಭಯ, ಜೀಪಿನಿಂದ ಇಳಿದರೂ ಭಯ. ಮಧ್ಯದಲ್ಲಿ ಸಿಕ್ಕವರು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತರು. ಮಕ್ಕಳಿಗೂ ಕಲಿಸಿದರು. "ಸುಮ್ನೆ ಮಲ್ಕೊ" ಅನ್ನುವ ಮಾತು ಎಲ್ಲಿಂದಲೋ ಬಂದದ್ದಲ್ಲ.

ಕಾಗದದಲ್ಲಿದ್ದ ಬೀಟ್

2017ರಲ್ಲಿ, ಆರ್.ಕೆ. ದತ್ತಾ ಅವರು ಡಿಜಿಪಿ ಆಗಿದ್ದಾಗ, ರಾಜ್ಯದಲ್ಲಿ ಬೀಟ್ ವ್ಯವಸ್ಥೆ ಬದಲಾಯಿತು. ಅದಕ್ಕೂ ಮೊದಲು ನಮಗೆ ಬೀಟ್ ಅಂದರೆ ರಾತ್ರಿ ಗಸ್ತು. ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕಿ ಬಂದರೆ ಆಯಿತು. ಹೊಸ ಪದ್ಧತಿಯಲ್ಲಿ ಠಾಣೆಯ ಇಡೀ ಸರಹದ್ದನ್ನು ಬೀಟ್‌ಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಸಿಬ್ಬಂದಿಗೆ ಪೂರ್ತಿ ವಹಿಸಬೇಕು. ಆ ಬೀಟಿನ ಜನರಿಗೆ ಅವನೇ ಪೊಲೀಸ್. ಊರಿನವರ ಸಮಿತಿಯೂ ಇರಬೇಕು. ನನ್ನ ಸೇವೆಯಲ್ಲಿ ನಾನು ಓದಿದ ಒಳ್ಳೆಯ ಸುತ್ತೋಲೆಗಳಲ್ಲಿ ಅದೂ ಒಂದು.

ಆದರೆ ಯಾವ ಬೀಟ್ ಯಾರಿಗೆ ಅನ್ನುವ ಪಟ್ಟಿ ಬರೆಯುವವರು ನಮ್ಮಂಥವರು. ನಮ್ಮ ಠಾಣೆಯಲ್ಲಿ ಅದನ್ನು ಬರೆದವನು ನಾನೇ. ಹೇಗೆ ಬರೆದೆ ಅಂತ ಹೇಳಿಬಿಡುತ್ತೇನೆ. ಮೊದಲು ರೈಟರ್ ಕೆಲಸಕ್ಕೆ ಒಬ್ಬ, ಕೋರ್ಟ್ ಕೆಲಸಕ್ಕೆ ಒಬ್ಬ, ಕಂಪ್ಯೂಟರ್‌ಗೆ ಒಬ್ಬ, ಜೀಪಿಗೆ ಒಬ್ಬ, ಸೆಂಟ್ರಿಗೆ ಇಷ್ಟು ಜನ ಅಂತ ತೆಗೆದಿಟ್ಟೆ. ಉಳಿದವರನ್ನು ಬೀಟ್‌ಗಳಿಗೆ ಹಂಚಿದೆ. ಹತ್ತಿರದ ಬೀಟ್ ಹಿರಿಯರಿಗೆ, ದೂರದ್ದು ಹೊಸಬರಿಗೆ. ಯಾರಿಗೆ ಜನರ ಜೊತೆ ಕೂತು ಮಾತಾಡಲು ಬರುತ್ತದೆ ಅನ್ನುವ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ಕಳವಾದ ಆ ಮನೆ ಇದ್ದ ಬೀಟ್, ವರ್ಗವಾಗಿ ಹೋದವನ ಹೆಸರಿನಲ್ಲೇ ಎಂಟು ತಿಂಗಳಿಂದ ಇತ್ತು.

ಪಿಎಸ್ಐ ವಯಸ್ಸಿನಲ್ಲಿ ನನ್ನ ಮಗನಷ್ಟು. ಮಹಜರಿಂದ ಬಂದ ರಾತ್ರಿ ನನ್ನನ್ನು ಕೂರಿಸಿಕೊಂಡು ಕೇಳಿದರು. "ನೀವು ಇಷ್ಟು ವರ್ಷ ನೋಡಿದೀರಿ. ಆ ಬೀಟ್‌ಗೆ ಯಾರು ಸರಿ ಅಂತ ನೀವೇ ಹೇಳಿ. ಖಾಲಿ ಇರೋರನ್ನ ಹೇಳಬೇಡಿ, ಸರಿ ಇರೋರನ್ನ ಹೇಳಿ."

ನೇಮಕಾತಿ ಏನನ್ನು ಅಳೆಯುತ್ತದೆ

ನಮ್ಮಲ್ಲಿ ಹೀಗೆ ಜನರ ಜೊತೆ ಬೆರೆತು ಮಾಡುವ ಸಮುದಾಯ ಪೊಲೀಸ್ ಕೆಲಸಕ್ಕೆ ಅಂತ ಬೇರೆ ನೇಮಕಾತಿ ಇಲ್ಲ. ಎಲ್ಲರೂ ಒಂದೇ ಬಾಗಿಲಿನಿಂದ ಬರುತ್ತಾರೆ. ಸಿವಿಲ್ ಕಾನ್ಸ್‌ಟೇಬಲ್ ಆಗಲು ಪಿಯುಸಿ ಆಗಿರಬೇಕು. 100 ಅಂಕಗಳ ಲಿಖಿತ ಪರೀಕ್ಷೆ, ಒಂದೂವರೆ ಗಂಟೆ. ಗಂಡಸರಿಗೆ ಎತ್ತರ 168 ಸೆಂಟಿಮೀಟರ್, 1600 ಮೀಟರ್ ಓಟ ಆರೂವರೆ ನಿಮಿಷದೊಳಗೆ, 7.26 ಕೆಜಿಯ ಗುಂಡು ಎಸೆತ. ಹೆಂಗಸರಿಗೆ 157 ಸೆಂಟಿಮೀಟರ್, 400 ಮೀಟರ್ ಓಟ ಎರಡು ನಿಮಿಷದೊಳಗೆ. ಇದೆಲ್ಲ ಬೇಕು. ಕಳ್ಳನ ಹಿಂದೆ ಓಡಲಾರದವನನ್ನು ಯಾರೂ ಕೇಳುವುದಿಲ್ಲ. ಆದರೆ ಒಬ್ಬ ಅಜ್ಜಿ ಮಾತು ಮುಗಿಸುವವರೆಗೆ ಇವನು ಕಾಯುತ್ತಾನಾ ಅನ್ನುವುದನ್ನು ಮೈದಾನದಲ್ಲಿ ಯಾರೂ ನೋಡುವುದಿಲ್ಲ.

ಹಾಗಾದರೆ ನೇಮಕಾತಿಯಲ್ಲೇ ಸಂದರ್ಶನ ಇಟ್ಟು ಗುಣ ನೋಡಿ ಅಂಕ ಕೊಡಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಅಕ್ರಮ ಹೊರಬಂದು 2022ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿದರು. ಪ್ರಾಮಾಣಿಕವಾಗಿ ಓದಿ ಬರೆದ ಮಕ್ಕಳು ಮರುಪರೀಕ್ಷೆಗೆ 2024ರ ಜನವರಿವರೆಗೆ ಕಾದರು. ಗುಂಡಿ ತುಂಬುವ ಒಎಂಆರ್ ಉತ್ತರ ಪತ್ರಿಕೆಯನ್ನೇ ತಿದ್ದುವವರ ಕೈಗೆ "ಸ್ವಭಾವಕ್ಕೆ ಇಷ್ಟು ಅಂಕ" ಅಂತ ಕೊಟ್ಟರೆ ಬಡವರ ಮನೆಯ ಹುಡುಗ ಹುಡುಗಿಯರಿಗೆ ಬಾಗಿಲೇ ಮುಚ್ಚುತ್ತದೆ. ನೇಮಕಾತಿ ಓಟ ಮತ್ತು ಅಂಕಗಳ ಮೇಲೆಯೇ ನಡೆಯಲಿ. ಬೀಟ್‌ಗೆ ಯಾರು ಅನ್ನುವ ಆಯ್ಕೆ ಠಾಣೆಯಲ್ಲಿ, ಕೆಲಸ ಕೊಟ್ಟು ನೋಡಿ ನಡೆಯಲಿ. ಅಲ್ಲಿ ತಪ್ಪಾದರೆ ತಿದ್ದಿಕೊಳ್ಳಬಹುದು. ನಮ್ಮದೂ ಮೊದಲ ಸಲ ತಪ್ಪೇ ಆಯಿತು.

ಮೊದಲ ಆಯ್ಕೆ

ನಾನು ಹೇಳಿದ ಮೊದಲ ಹೆಸರು ಪಕ್ಕದ ತಾಲ್ಲೂಕಿನ ಹುಡುಗನದು. ಮಲೆನಾಡಿನವನೇ. ತೋಟದ ಕೆಲಸ ಗೊತ್ತು, ದಾರಿ ಗೊತ್ತು, ಮಾತು ಗೊತ್ತು. ಯಾರ ಮನೆಗೆ ಹೋದರೂ "ಎಂತ ಮಾರಾಯ, ಬಾ" ಅಂತ ಕರೆಯುವಂಥವನು. ಇದಕ್ಕಿಂತ ಸರಿಯಾದವನು ಬೇಕಾ ಅಂತ ನಾನೇ ಪಿಎಸ್ಐಗೆ ಹೇಳಿದೆ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ಬೇಲಿ ಜಗಳ ಬಂತು. ಬಗರ್ ಹುಕುಂ ಜಾಗ, ಒಂದು ಕಡೆ ಮೇಲಿನ ಮನೆಯವರು, ಇನ್ನೊಂದು ಕಡೆ ಕೆಳಗಿನ ಕೇರಿಯವರು. ಮೇಲಿನ ಮನೆಗೆ ಈ ಹುಡುಗನ ಸೋದರಮಾವನ ಕಡೆಯಿಂದ ನೆಂಟಸ್ತನ ಇತ್ತು. ಅವನು ಒಂದು ಮಾತನ್ನೂ ಪಕ್ಷಪಾತದಿಂದ ಆಡಲಿಲ್ಲ. ನಾನೇ ಜೊತೆಗಿದ್ದೆ, ನೋಡಿದ್ದೇನೆ. ಆದರೂ ಕೇರಿಯವರು ಅವನ ಜೊತೆ ಮಾತು ನಿಲ್ಲಿಸಿದರು. ಅವನ ಮುಖ ನೋಡಿದಾಗ ಅವರಿಗೆ ಕಾಣುತ್ತಿದ್ದದ್ದು ಅವನ ಮಾವ.

ಕೊನೆಗೆ ಅವನೇ ಬಂದು ಕೇಳಿಕೊಂಡ. "ಸರ್, ನನ್ನನ್ನು ಆ ಬೀಟ್‌ನಿಂದ ಬಿಡಿಸಿ. ನಾನು ಅಲ್ಲಿ ನೆಂಟನೂ ಆಗಿ ಉಳಿಯಲ್ಲ, ಪೊಲೀಸೂ ಆಗಿ ಉಳಿಯಲ್ಲ." ಅವನ ಕಣ್ಣಲ್ಲಿ ನೀರಿತ್ತು. ಹತ್ತಿರದವನು ಅಂದರೆ ಜನರಿಗೆ ಹತ್ತಿರ ಅಂತ ನಾನು ಅಂದುಕೊಂಡಿದ್ದೆ. ಕೆಲವರಿಗೆ ಹತ್ತಿರ ಆದವನು ಉಳಿದವರಿಗೆ ಅಷ್ಟೇ ದೂರ ಆಗುತ್ತಾನೆ ಅನ್ನುವುದು ಆ ಹುಡುಗನಿಂದ ಗೊತ್ತಾಯಿತು. ಅವನು ಆಮೇಲೆ ಬೇರೆ ಕಡೆಯ ಬೀಟ್‌ನಲ್ಲಿ ಬಹಳ ಒಳ್ಳೆಯ ಹೆಸರು ತೆಗೆದುಕೊಂಡ.

ಎರಡೆರಡು ವಾರದ ಪರೀಕ್ಷೆ

ಈ ಸಲ ನಾನು ಹೆಸರು ಹೇಳಲು ಒಪ್ಪಲಿಲ್ಲ. ಪಿಎಸ್ಐ ಹತ್ತಿರ ಒಂದು ಅನುಮತಿ ಕೇಳಿದೆ. ಮೂರು ಜನರನ್ನು ಆ ಬೀಟಿನ ಮೂರು ಬೇರೆ ಬೇರೆ ಕಡೆಗೆ ಎರಡೆರಡು ವಾರ ಕಳಿಸೋಣ. ಸಮನ್ಸ್ ಬೇಡ, ವಾರಂಟ್ ಬೇಡ, ಪಾಸ್‌ಪೋರ್ಟ್ ವಿಚಾರಣೆ ಬೇಡ. ಮನೆ ಮನೆಗೆ ಹೋಗಬೇಕು, ಕೂರಬೇಕು, ಒಂದು ನೋಟ್‌ಬುಕ್ ಬರೆಯಬೇಕು. ಏನು ಬರೆಯಬೇಕು ಅಂತ ನಾನು ಹೇಳುವುದಿಲ್ಲ. ಎರಡು ವಾರ ಆದ ಮೇಲೆ ಅದೇ ಮನೆಗಳಿಗೆ ನಾನು ಸಾದಾ ಬಟ್ಟೆಯಲ್ಲಿ ಹೋಗುತ್ತೇನೆ.

ಆ ಮೂವರು ಯಾರು? ಒಬ್ಬರು ಇಪ್ಪತ್ತು ವರ್ಷ ಸೇವೆಯ ಹೆಡ್ ಕಾನ್ಸ್‌ಟೇಬಲ್, ಕಾನೂನು ಚೆನ್ನಾಗಿ ಬಲ್ಲವರು, ಊರಲ್ಲಿ ಮರ್ಯಾದೆ ಇದ್ದವರು. ಇನ್ನೊಬ್ಬ ವಿಜಯಪುರ ಜಿಲ್ಲೆಯ ಹುಡುಗ, ಓಟದಲ್ಲಿ ಮುಂದು, ಸೇವೆಗೆ ಸೇರಿ ಎರಡು ವರ್ಷ. ಮಲೆನಾಡು ಅವನಿಗೆ ಹೊಸದು. ಮೂರನೆಯವಳು ಮಹಿಳಾ ಕಾನ್ಸ್‌ಟೇಬಲ್, ಠಾಣೆಯ ಕಂಪ್ಯೂಟರ್ ಮುಂದೆಯೇ ಕೂತಿರುತ್ತಿದ್ದವಳು.

ನಾನು ಮನೆಗಳಿಗೆ ಹೋದಾಗ "ನಮ್ಮವರು ಹೇಗೆ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ "ಒಳ್ಳೆಯವರು" ಅಂತಲೇ ಹೇಳುತ್ತಾರೆ, ಅಲ್ವಾ? "ಬಂದಿದ್ದವರ ಹತ್ತಿರ ಏನು ಮಾತಾಡಿದಿರಿ?" ಅಂತ ಮಾತ್ರ ಕೇಳಿದೆ. ಈ ಪ್ರಶ್ನೆ ನನಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ. ಆದರೆ ಇಡೀ ಆಯ್ಕೆ ಅದರಲ್ಲೇ ಆಯಿತು.

ಹೆಡ್ ಕಾನ್ಸ್‌ಟೇಬಲ್ ಹೋಗಿದ್ದ ಮನೆಗಳಲ್ಲಿ ಜನ ಹೇಳಿದ್ದು ಅವರ ಮಾತುಗಳನ್ನು. "ರಾತ್ರಿ ಅಂಗಳದ ಲೈಟ್ ಹಾಕಿಡಿ ಅಂದ್ರು. ಗುರುತಿಲ್ಲದವರಿಗೆ ಮನೆ ಬಾಡಿಗೆ ಕೊಡಬೇಡಿ ಅಂದ್ರು. ಒಟಿಪಿ ಯಾರಿಗೂ ಹೇಳಬೇಡಿ ಅಂದ್ರು." ಒಳ್ಳೆಯ ಮಾತುಗಳೇ. ಜನರಿಗೆ ನೆನಪೂ ಉಳಿದಿತ್ತು. ಆದರೆ ಜನ ಅವರಿಗೆ ಹೇಳಿದ್ದು ಏನೂ ಇರಲಿಲ್ಲ. ನೋಟ್‌ಬುಕ್‌ನಲ್ಲಿ ಮನೆ ಯಜಮಾನರ ಹೆಸರು, ಸರ್ವೆ ನಂಬರ್, ಫೋನ್ ನಂಬರ್, ಎಲ್ಲ ಅಚ್ಚುಕಟ್ಟು.

ವಿಜಯಪುರದ ಹುಡುಗ ಹೋಗಿದ್ದ ಮನೆಗಳಲ್ಲಿ ಜನ ತಾವು ಹೇಳಿದ್ದನ್ನು ನನಗೆ ಮತ್ತೆ ಹೇಳಿದರು. ಮಗನ ಮದುವೆ ಕೂಡಿ ಬರುತ್ತಿಲ್ಲ ಅನ್ನುವುದನ್ನು, ಕೊಳೆ ರೋಗದಲ್ಲಿ ಹೋದ ಫಸಲನ್ನು, ಹೊಳೆಯ ಆಚೆ ರಾತ್ರಿ ಮರ ಕಡಿಯುವ ಶಬ್ದವನ್ನು. ಒಬ್ಬ ಅಜ್ಜಿ ನಗುತ್ತಾ ಅಂದರು, "ಪಾಪದ್ ಹುಡುಗ, ಅದ್ಕೆ ಎಂತದೂ ಗೊತ್ತಿಲ್ಲ. ಅಡಿಕೇಲಿ ಬೆಟ್ಟೆ ಅಂದ್ರೆ ಎಂತ, ಗೊರಬಲು ಅಂದ್ರೆ ಎಂತ, ಎಲ್ಲ ನಾನೇ ಹೇಳಿಕೊಟ್ಟೆ." ಅವನಿಗೆ ಗೊತ್ತಿಲ್ಲದ್ದೇ ಅವನಿಗೆ ಸಹಾಯವಾಗಿತ್ತು. ಅವನು ಕೇಳುತ್ತಿದ್ದ, ಅವರು ಹೇಳುತ್ತಿದ್ದರು. "ಹೌದ್ರೀ? ಆಮ್ಯಾಲ ಏನಾತ್ರಿ ಅವ್ವಾರ?" ಅನ್ನುವ ಅವನ ಮಾತನ್ನು ಮಕ್ಕಳು ಅನುಕರಿಸಿ ನನಗೆ ತೋರಿಸಿದರು. ಆ ಬೀಟಿನಲ್ಲಿ ಅವನಿಗೆ ಮಾವ ಇಲ್ಲ, ಚಿಕ್ಕಪ್ಪ ಇಲ್ಲ. ಮೇಲಿನ ಮನೆಗೂ ಕೇರಿಗೂ ಅವನು ಒಂದೇ ದೂರ.

ಅವನ ನೋಟ್‌ಬುಕ್‌ನ ಕೆಲವು ಸಾಲು ನಾನು ನನ್ನ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ. "ಅಜ್ಜಿಗೆ ಎಡಗಿವಿ ಕೇಳಲ್ಲ, ಬಲಗಡೆ ಕೂರಬೇಕು." "ಈ ಮನೆಗೆ ನೆಟ್‌ವರ್ಕ್ ಇಲ್ಲ, ಮೇಲಿನ ಹಲಸಿನ ಮರದ ಹತ್ತಿರ ಮಾತ್ರ ಸಿಗುತ್ತೆ." "ಮಗ ಭಾನುವಾರ ಸಂಜೆ ಫೋನ್ ಮಾಡ್ತಾನೆ, ಆವಾಗ ಅಜ್ಜ ಮರದ ಹತ್ತಿರ ಇರ್ತಾರೆ, ಮನೇಲಿ ಅಜ್ಜಿ ಒಬ್ರೇ." "ನಾಯಿ ರಾತ್ರಿ ಬಿಡ್ತಾರೆ, ದಿನಾ ಕೂಗೋ ನಾಯಿ ಅಲ್ಲ, ಕೂಗಿದ್ರೆ ನೋಡಬೇಕು." ಇದನ್ನು ಓದಿದಾಗ ಪಿಎಸ್ಐ ಬಹಳ ಹೊತ್ತು ಮಾತಾಡಲಿಲ್ಲ.

ಮಹಿಳಾ ಕಾನ್ಸ್‌ಟೇಬಲ್‌ಗೆ ಎರಡು ವಾರದಲ್ಲಿ ನಾಲ್ಕೇ ದಿನ ಸಿಕ್ಕಿತು. ಉಳಿದ ದಿನ ಸೆಂಟ್ರಿಗೆ ಜನ ಇಲ್ಲ, ಎಸ್ಕಾರ್ಟ್‌ಗೆ ಹೆಂಗಸರು ಬೇಕು ಅಂತ ಕರೆಸಿಕೊಂಡೆವು. ಹಾಗಾಗಿ ಅವಳನ್ನು ಸರಿಯಾಗಿ ನೋಡಲೇ ಇಲ್ಲ. ವಿಜಯಪುರದ ಹುಡುಗನ ಹೆಸರು ಬರೆದೆವು. ಅವಳನ್ನು ಮತ್ತೆ ಕಂಪ್ಯೂಟರ್ ಮುಂದೆ ಕೂರಿಸಿದೆವು. ಇದು ನನ್ನ ಎರಡನೇ ತಪ್ಪು. ಮುಂದೆ ಹೇಳುತ್ತೇನೆ.

ಬಂದೂಕು, ಮಂಗ, ಉಂಬಳ

ಹುಡುಗನ ಪರೀಕ್ಷೆಯ ಮಧ್ಯದಲ್ಲೇ, 2019ರ ಮಾರ್ಚ್ 10ಕ್ಕೆ ಲೋಕಸಭೆ ಚುನಾವಣೆ ಘೋಷಣೆ ಆಯಿತು. ಮಲೆನಾಡಿನಲ್ಲಿ ಚುನಾವಣೆ ಅಂದರೆ ಠಾಣೆಗೆ ಬಂದೂಕುಗಳ ರಾಶಿ. ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಬಂದೂಕನ್ನು ನೀತಿಸಂಹಿತೆ ಮುಗಿಯುವವರೆಗೆ ಠಾಣೆಯಲ್ಲಿ ಒಪ್ಪಿಸಬೇಕು. ಶಿವಮೊಗ್ಗಕ್ಕೆ ಮತದಾನ ಏಪ್ರಿಲ್ 23, ಎಣಿಕೆ ಮೇ 23. ಎರಡು ತಿಂಗಳಿಗೂ ಜಾಸ್ತಿ ಹಂದಿ ಮಂಗಗಳಿಗೆ ರೈತ ಬರಿಗೈ. ಪ್ರತಿ ಸಲ ಇದೇ ಬೇಸರ.

ಈ ಹುಡುಗ ಏನು ಮಾಡಿದ ಅಂದರೆ, ಪ್ರತಿ ಮನೆಗೆ ಹೋಗಿ ರಸೀದಿಯಲ್ಲಿ ಏನು ಬರೆದಿರಬೇಕು ಅಂತ ತೋರಿಸಿದ. ವಾಪಸ್ ಕೊಡುವ ದಿನ ತಾನೇ ಫೋನ್ ಮಾಡಿ ತಿಳಿಸುತ್ತೇನೆ ಅಂದ. ಮೇ ಕೊನೆಯಲ್ಲಿ ಮಾಡಿದ ಕೂಡ. ದಿನಕ್ಕೆ ಇಷ್ಟು ಮನೆ ಅಂತ ಹಂಚಿದ. ಯಾರೂ ಠಾಣೆ ಬಾಗಿಲಲ್ಲಿ ದಿನವಿಡೀ ನಿಲ್ಲಲಿಲ್ಲ. ಸಣ್ಣ ಕೆಲಸ. ಆದರೆ "ಪೊಲೀಸ್ ಫೋನ್ ಮಾಡ್ತೀನಿ ಅಂದು ಮಾಡಿದ" ಅನ್ನುವ ಸುದ್ದಿ ಆ ಬೀಟಿನಲ್ಲಿ ಎಷ್ಟು ದೂರ ಹೋಯಿತು ಅಂತ ನಾನು ಕಣ್ಣಾರೆ ನೋಡಿದೆ.

ಅದೇ ಬೇಸಿಗೆ ಮಂಗನ ಕಾಯಿಲೆಯದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಆ ವರ್ಷ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರ ಜೀವ ತೆಗೆದಿತ್ತು. ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ನಮ್ಮ ಬೀಟಿನ ಜನ ತಿಳಿಸಿದ್ದು ಈ ಹುಡುಗನಿಗೆ. ಅವನು ಆಸ್ಪತ್ರೆಗೆ ತಿಳಿಸುತ್ತಿದ್ದ. ಮಂಗ ಸತ್ತರೆ ಪೊಲೀಸ್ ಯಾಕೆ ಅಂತ ಠಾಣೆಯಲ್ಲಿ ಒಬ್ಬರು ಕೇಳಿದರು. ಮಂಗದ ವಿಷಯ ಹೇಳಿ ಅಭ್ಯಾಸ ಆದವರೇ ನಾಳೆ ಗಾಡಿಯ ವಿಷಯ ಹೇಳುತ್ತಾರೆ ಅಂತ ನಾನು ಹೇಳಿದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಬಯಲುಸೀಮೆಯ ಹುಡುಗ ಮೊದಲ ಸಲ ಉಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ, ನೋಡಿದ. ಬೂಟಿನೊಳಗೆ ರಕ್ತ ತುಂಬಿಕೊಂಡು ಠಾಣೆಗೆ ಬಂದ ದಿನ ಅವನು ಬೀಟ್ ಬಿಟ್ಟುಬಿಡುತ್ತಾನೆ ಅಂತಲೇ ಅಂದುಕೊಂಡೆ. ಮಾರನೇ ದಿನ ಅದೇ ಎಡಗಿವಿಯ ಅಜ್ಜಿ ಹೊಗೆಸೊಪ್ಪು ಸುಣ್ಣ ಕಲಸಿ ಕಾಲಿಗೆ ಹಚ್ಚಲು ಕೊಟ್ಟರಂತೆ. ಒಂದು ಡಬ್ಬಿಯಲ್ಲಿ ಹಾಕಿಯೂ ಕಳಿಸಿದ್ದರು. ಮಳೆಗಾಲ ಪೂರ್ತಿ ಆ ಡಬ್ಬಿ ಅವನ ಬೈಕಿನಲ್ಲಿ ಇತ್ತು.

ಅವನಿಗೆ ಕೇಳಿಸದೇ ಹೋದದ್ದು

ಒಂದು ಮನೆಯ ಬಗ್ಗೆ ಅವನ ನೋಟ್‌ಬುಕ್‌ನಲ್ಲಿ ಮೂರು ಸಲ "ಎಲ್ಲ ಸರಿ ಇದೆ" ಅಂತ ಬರೆದಿತ್ತು. ಬೇರೆ ಮನೆಗಳಿಗೆ ಅರ್ಧ ಪುಟ ಬರೆಯುವವನು ಇಲ್ಲಿ ಮಾತ್ರ ಒಂದೇ ಸಾಲು. ಕೇಳಿದರೆ, "ಅಕ್ಕಾರು ಮಾತೇ ಆಡಂಗಿಲ್ರಿ ಸರ್. ಬಾಗಲ ಹಿಂದ ನಿಂತು ಎಲ್ಲಾ ಛಲೋ ಅದ ಅಂತಾರ" ಅಂದ.

ಮಹಿಳಾ ಕಾನ್ಸ್‌ಟೇಬಲ್‌ಗೆ ಒಂದು ಶನಿವಾರ ಬಿಡುವು ಮಾಡಿಸಿ ಕಳಿಸಿದೆ. ಅವಳು ಆ ಮನೆಯ ಜಗಲಿಯಲ್ಲಿ ಕೂರಲಿಲ್ಲ. ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಕೂತಳಂತೆ. ಸಂಜೆ ಬಂದು ನನ್ನ ಮುಂದೆ ಕೂತು, "ಸರ್, ಅಲ್ಲಿ ಏನೂ ಸರಿ ಇಲ್ಲ" ಅಂದಳು. ಕುಡಿತ, ಹೊಡೆತ, ವರ್ಷಗಳಿಂದ ನಡೆದಿತ್ತು. ಕೌಟುಂಬಿಕ ದೌರ್ಜನ್ಯದ ಕಾಯ್ದೆ ಬಂದದ್ದು 2005ರಲ್ಲಿ. ಅದರ ಪ್ರಕಾರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ರಕ್ಷಣಾಧಿಕಾರಿ ಅನ್ನುವುದು ಆ ಹೆಂಗಸಿಗೆ ಗೊತ್ತಿರಲಿಲ್ಲ. ಇವಳು ಜೊತೆಗೆ ಹೋಗಿ ಅರ್ಜಿ ಕೊಡಿಸಿದಳು. ಮುಂದಿನದು ಆ ಮನೆಯವರದ್ದು, ಅದನ್ನು ಇಲ್ಲಿ ಬರೆಯಲಾರೆ. ಈಗ ಆ ಹೆಂಗಸು ನೆಮ್ಮದಿಯಾಗಿದ್ದಾರೆ ಅಂತ ಮಾತ್ರ ಹೇಳಬಲ್ಲೆ.

ಆವತ್ತು ನನಗೆ ನಾಚಿಕೆಯಾಯಿತು. ಆ ಬೀಟಿನಲ್ಲಿ ಅರ್ಧದಷ್ಟು ಜನ ಹೆಂಗಸರು. ಅವರ ಮಾತು ಕೇಳುವವಳು ನಮ್ಮ ಠಾಣೆಯಲ್ಲೇ ಇದ್ದಳು. ನಾವು ಅವಳಿಗೆ ನಾಲ್ಕು ದಿನ ಕೊಟ್ಟು, ಸಾಕು ಅಂದುಕೊಂಡಿದ್ದೆವು. ಅಲ್ಲಿಂದ ಮುಂದೆ ಆ ಬೀಟ್ ಇಬ್ಬರದ್ದಾಯಿತು. ವಾರಕ್ಕೆ ಎರಡು ದಿನ ಅವಳದು. ಸುಲಭವಾಗಿ ಆಗಲಿಲ್ಲ. ಮಳೆಗಾಲದಲ್ಲಿ ಒಬ್ಬಳೇ ಆ ಕಾಡುದಾರಿಯಲ್ಲಿ ಹೇಗೆ ಹೋಗುವುದು, ದಾರಿಯಲ್ಲಿ ಶೌಚಕ್ಕೆ ಎಲ್ಲಿ ಹೋಗುವುದು, ಕತ್ತಲಾಗುವ ಮೊದಲು ಹೇಗೆ ಬರುವುದು, ಇದನ್ನೆಲ್ಲ ಕೂತು ಯೋಚಿಸಬೇಕಾಯಿತು. ಅಂಗನವಾಡಿ ಟೀಚರ್ ಒಬ್ಬರು ತಮ್ಮ ಮನೆಯ ಬಾಗಿಲು ಅವಳಿಗೆ ಯಾವಾಗಲೂ ತೆರೆದಿದೆ ಅಂದರು. ಆ ಒಂದು ಮಾತಿನಿಂದ ಅರ್ಧ ಕಷ್ಟ ಹೋಯಿತು. ಹೆಂಗಸರನ್ನು ಬೀಟ್‌ಗೆ ಹಾಕಿ ಅಂತ ಬರೆಯುವವರು ಈ ಸಣ್ಣ ವಿಷಯಗಳನ್ನೂ ದಯವಿಟ್ಟು ಬರೆಯಬೇಕು.

ಬಂದೋಬಸ್ತ್ ಅನ್ನುವ ದೊಡ್ಡ ಕಷ್ಟ

ಸರಿಯಾದವರನ್ನು ಹುಡುಕುವುದು ಅರ್ಧ ಕೆಲಸ. ಅವರನ್ನು ಬೀಟಿನಲ್ಲೇ ಉಳಿಸಿಕೊಳ್ಳುವುದು ಉಳಿದರ್ಧ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗ ನಗರಕ್ಕೆ ನೀರು ನುಗ್ಗಿದಾಗ ಇಬ್ಬರನ್ನೂ ಕರೆಸಿಕೊಂಡರು. ಅದು ಸರಿ, ಜೀವ ಉಳಿಸುವ ಕೆಲಸ. ಸೆಪ್ಟೆಂಬರ್‌ನಲ್ಲಿ ಗಣಪತಿ ಮೆರವಣಿಗೆಗಳ ಬಂದೋಬಸ್ತ್, ಅದಕ್ಕೂ ಹೋದರು. ಆಮೇಲೆ ವಿಐಪಿ ಬಂದರು, ಜಾತ್ರೆ ಬಂತು, ಪರೀಕ್ಷೆ ಬಂತು. ಹುಡುಗ ಗಟ್ಟಿಮುಟ್ಟು, ಚೆನ್ನಾಗಿ ಓಡುತ್ತಾನೆ, ಹಾಗಾಗಿ ಎಲ್ಲದಕ್ಕೂ ಅವನ ಹೆಸರೇ ಮೊದಲು. ತಿಂಗಳ ಲೆಕ್ಕ ಬರೆಯುವಾಗಲೂ ಹಾಗೆಯೇ. ಎಷ್ಟು ಲಘು ಪ್ರಕರಣ ಹಾಕಿದೆ, ಎಷ್ಟು ಸಮನ್ಸ್ ಜಾರಿ ಮಾಡಿದೆ ಅನ್ನುವುದಕ್ಕೆ ಕಾಲಂ ಇದೆ. ಆಗದಂತೆ ತಡೆದ ಜಗಳಕ್ಕೆ ಕಾಲಂ ಇಲ್ಲ.

ಕೇರಳದಲ್ಲಿ 2008ರಲ್ಲಿ 20 ಠಾಣೆಗಳಿಂದ ಜನಮೈತ್ರಿ ಅನ್ನುವ ಸಮುದಾಯ ಪೊಲೀಸ್ ಯೋಜನೆ ಶುರುವಾಯಿತು. ಅಲ್ಲಿ ಸುಮಾರು 500 ಮನೆಗೆ ಒಬ್ಬ ಬೀಟ್ ಅಧಿಕಾರಿ, ಪ್ರತಿ ಮನೆಯ ಪರಿಚಯ ಇರಬೇಕು ಅನ್ನುವ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ನಮ್ಮ ಕಡೆ 500 ಮನೆ ಮುಟ್ಟಬೇಕಾದರೆ ಎಷ್ಟು ಗುಡ್ಡ ಹತ್ತಬೇಕು, ಎಷ್ಟು ಹಳ್ಳ ದಾಟಬೇಕು? ಮಲೆನಾಡಿನಲ್ಲಿ ಬೀಟ್ ಅಳೆಯಬೇಕಾದದ್ದು ಮನೆಯ ಎಣಿಕೆಯಿಂದಲ್ಲ, ನಡಿಗೆಯ ಹೊತ್ತಿನಿಂದ. ಇದನ್ನು ನಾನು ಎಲ್ಲ ಮೀಟಿಂಗ್‌ಗಳಲ್ಲಿ ಹೇಳಿದ್ದೇನೆ.

ಪಿಎಸ್ಐ ಒಂದು ಕೆಲಸ ಮಾಡಿದರು. ಕೊಯ್ಲಿನ ಮೂರು ತಿಂಗಳು, ನವೆಂಬರ್‌ನಿಂದ ಜನವರಿವರೆಗೆ, ಈ ಇಬ್ಬರ ಹೆಸರನ್ನು ಬಂದೋಬಸ್ತ್ ಪಟ್ಟಿಯ ಕೊನೆಯಲ್ಲಿ ಇಟ್ಟರು. ಮೇಲಿನವರು ಕೇಳಿದಾಗ ತಾವೇ ಉತ್ತರ ಕೊಟ್ಟರು. ಅವರ ಮೇಲೆ ನನಗೆ ಇವತ್ತಿಗೂ ಗೌರವ ಇದೆ.

ಆ ಕೊಯ್ಲಿನಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಹುಡುಗನಿಗೆ ಫೋನ್ ಬಂತು. ಮಾಡಿದವರು ಕೋರ್ಟಿಗೆ ಓಡಾಡೋರು ಯಾರು ಅಂದಿದ್ದ ಅದೇ ಯಜಮಾನರು. ತಿರುವಿನಲ್ಲಿ ಒಂದು ಗಾಡಿ ಲೈಟ್ ಇಲ್ಲದೆ ನಿಂತಿದೆ ಅಂದರು. ಜೀಪು ಹೋಯಿತು. ನೋಡಿದರೆ ಬೆಂಗಳೂರಿನಿಂದ ಮದುವೆಗೆ ಬಂದವರ ಕಾರು, ಬ್ಯಾಟರಿ ಹೋಗಿತ್ತು. ತಳ್ಳಿ ಸ್ಟಾರ್ಟ್ ಮಾಡಿಕೊಟ್ಟು ಬಂದರು. ಯಜಮಾನರು ತಪ್ಪಾಯಿತು ಅಂತ ಮಾರನೇ ದಿನ ಫೋನ್ ಮಾಡಿದರೆ, ಹುಡುಗ "ಮುಂದಿನ ಸಲನೂ ಹಿಂಗ ಮಾಡ್ರಿ" ಅಂದನಂತೆ.

ಹಳೆಯ ನಾಲ್ಕು ಮೂಟೆ ಅಡಿಕೆ ಮಾತ್ರ ಸಿಗಲಿಲ್ಲ. ಆ ಅಜ್ಜ ಅಜ್ಜಿಗೆ ನಾವು ಅದನ್ನು ವಾಪಸ್ ಕೊಡಲಾಗಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಬಸ್ ನಿಂತು ಮಗ ಬರಲಾಗದೇ ಹೋದಾಗ ಅವರ ಬಿಪಿ ಮಾತ್ರೆ ತಂದುಕೊಟ್ಟವನು ಈ ಹುಡುಗನೇ.

ಬದಲಾದ ನಂಬರ್

ಮುಂದೆ ಹುಡುಗನಿಗೆ ಊರಿನ ಕಡೆ ವರ್ಗ ಸಿಕ್ಕಿತು. ತಂದೆಗೆ ಹುಷಾರಿರಲಿಲ್ಲ. ತಡೆಯುವುದು ನ್ಯಾಯವಲ್ಲ. ಈ ಸಲ ಅವನು ಬಿಡುವ ಮೊದಲೇ ಇನ್ನೊಬ್ಬನನ್ನು ಅದೇ ರೀತಿ, ಎರಡು ವಾರ ಮನೆಗಳಿಗೆ ಕಳಿಸಿ, ಅದೇ ಪ್ರಶ್ನೆ ಕೇಳಿ ಆರಿಸಿದೆವು. ಹಳಬ ಹೊಸಬನನ್ನು ಎಂಟು ದಿನ ಜೊತೆಗೆ ನಡೆಸಿಕೊಂಡು ಹೋದ. ನೋಟ್‌ಬುಕ್ ಕೊಟ್ಟ. ಹೊಗೆಸೊಪ್ಪು ಸುಣ್ಣದ ಡಬ್ಬಿಯನ್ನೂ ಕೊಟ್ಟ. ಮಹಿಳಾ ಕಾನ್ಸ್‌ಟೇಬಲ್ ಅಲ್ಲೇ ಮುಂದುವರಿದಳು. ಹಾಗಾಗಿ ಎರಡು ನಂಬರಿನಲ್ಲಿ ಒಂದು ಬದಲಾಗಲಿಲ್ಲ.

2025ರ ಜುಲೈನಲ್ಲಿ ರಾಜ್ಯದಲ್ಲಿ "ಮನೆ ಮನೆಗೆ ಪೊಲೀಸ್" ಶುರುವಾದಾಗ ನನಗೆ ಈ ಬೀಟ್ ನೆನಪಾಯಿತು. ಹಳೆಯ ಸಹೋದ್ಯೋಗಿಗಳು ಕೆಲವರು ಫೋನ್ ಮಾಡಿ, ಯಾರನ್ನು ಕಳಿಸೋಣ ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಎರಡು ವಾರ ಕಳಿಸಿ. ಆಮೇಲೆ ನೀವೇ ಆ ಮನೆಗಳಿಗೆ ಹೋಗಿ ಕೂತು ಕೇಳಿ.

ಹೊಸಬನ ಹೆಸರು ಬರೆಸಿದ ದಿನ ನಾನೇ ಪೇಂಟ್ ಡಬ್ಬಿ ಹಿಡಿದು ಪಂಚಾಯ್ತಿ ಕಟ್ಟೆಗೆ ಹೋಗಿದ್ದೆ. ಹಳೆಯ ನಂಬರ್ ಅಳಿಸಿ ಹೊಸದು ಬರೆಯುವಾಗ ಲೈನ್ ಮನೆಯ ಆ ಹುಡುಗಿ ಕಾಲೇಜಿನಿಂದ ಬರುತ್ತಿದ್ದಳು. ನಿಂತು ನೋಡಿದಳು.

"ಸರ್, ಇದು ಎತ್ತುತ್ತಾ?" ಅಂತ ಕೇಳಿದಳು.

"ಮಾಡಿ ನೋಡಮ್ಮ" ಅಂದೆ.

ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಅವಳು ಬ್ಯಾಗ್ ಕಟ್ಟೆಯ ಮೇಲೆ ಇಟ್ಟು, ಏರು ಹತ್ತಿ ಹಲಸಿನ ಮರದವರೆಗೆ ಹೋದಳು. ಹೊಸಬ ಅಷ್ಟರಲ್ಲಿ ಮೇಲಿನ ಮನೆಯ ಜಗಲಿಯಲ್ಲಿ ಇದ್ದ. ನನಗೆ ಅವರಿಬ್ಬರ ಮಾತು ಕೇಳಿಸಲಿಲ್ಲ. ಮರದ ಕೆಳಗೆ ಅವಳು ಫೋನ್ ಕಿವಿಗಿಟ್ಟು ನಿಂತದ್ದು, ಆಮೇಲೆ ಕೈ ಎತ್ತಿ ನನಗೆ ಆಡಿಸಿದ್ದು ಕಾಣಿಸಿತು. ಬಣ್ಣ ಇನ್ನೂ ಒಣಗಿರಲಿಲ್ಲ.